ದೀಪಾವಳಿಗೆ ಇಟ್ಟ ಪ್ಯಾಕೆಟ್

ಧರಣೇಂದ್ರ ಹೊತ್ತು ಮುಳುಗಿದ ಮೇಲೆ ಊಟ ಮಾಡುತ್ತಿರಲಿಲ್ಲ. ಸಂಜೆ ಬೆಳಕಿರುವಾಗಲೇ ಉಂಡು ಕೈ ತೊಳೆದನೆಂದರೆ ಮರುದಿನ ಬೆಳಗಾಗುವತನಕ ಒಂದು ಗುಟುಕು ಚಹಾ ಕೂಡ ಬಾಯಿಗೆ ಹಾಕುತ್ತಿರಲಿಲ್ಲ. ಐನಾಪುರದ ಜೈನರ ಓಣಿಯಲ್ಲಿ ಈ ನೇಮವನ್ನು ಇಷ್ಟು ಕಟ್ಟುನಿಟ್ಟಾಗಿ ನಡೆಸುವ ಗಂಡಸರು ಬೆರಳೆಣಿಕೆಯಷ್ಟಿದ್ದರು. ಆದರೆ ಕೈ ತೊಳೆದಾಗಿನಿಂದ ಮಲಗುವುದರೊಳಗೆ ಅವನು ಮನೆ ಮುಂದಿನ ಕಟ್ಟೆಯ ಮೇಲೆ ಕೂತು ನಾಲ್ಕು ಸಿಗರೇಟು ಸೇದುತ್ತಿದ್ದ. ಯಾರಾದರೂ ಕೇಳಿದರೆ ಅವನ ಉತ್ತರ ಸಿದ್ಧವಾಗಿರುತ್ತಿತ್ತು.

"ಹೊಗಿ ಅಂದ್ರ ಊಟ ಅಲ್ಲ."

"ಹಂಗಾರ ದಿನಾ ಒಲಿ ಮುಂದ ಕುಂತ ಹೊಗಿ ಕುಡ್ಯಾಕಿ ನಾ. ನಂಗ ಎಷ್ಟ ಪುಣ್ಯ ಬಂದಿರಬೇಕ ನೋಡ್ರಿ," ಎನ್ನುತ್ತಿದ್ದಳು ಹೆಂಡತಿ ಲಕ್ಷ್ಮಿಬಾಯಿ.

ಅವನಿಗೆ ಆಗ ನಲವತ್ನಾಲ್ಕು. ನಾಲ್ಕು ಎಕರೆ ಕಬ್ಬು, ಎರಡು ಎಕರೆ ದ್ರಾಕ್ಷಿ. ಸಿಗರೇಟು ಕಲಿತದ್ದು ನಿಪ್ಪಾಣಿಯಲ್ಲಿ ಕಾಲೇಜು ಓದುವಾಗ, ಊರಿಗೆ ಊರೇ ತಂಬಾಕಿನ ವಾಸನೆ ಹೊಡೆಯುತ್ತಿದ್ದ ದಿನಗಳಲ್ಲಿ. ಓದು ಅರ್ಧಕ್ಕೆ ನಿಂತಿತು, ಚಟ ನಿಲ್ಲಲಿಲ್ಲ. ದಿನಕ್ಕೆ ಎರಡು ಪ್ಯಾಕೆಟ್ ಬೇಕು. ಮನೆಯಲ್ಲಿದ್ದ ಮೂವರು ಹೆಂಗಸರೂ ಮೂರು ರೀತಿಯಲ್ಲಿ ಅವನ ಬೆನ್ನು ಹತ್ತಿದ್ದರು. ಕಾಗವಾಡದ ಕಾಲೇಜಿಗೆ ಬಸ್ಸಿನಲ್ಲಿ ಹೋಗಿಬರುವ ಮಗಳು ತ್ರಿಶಲಾ ಪುಸ್ತಕ ತೆರೆದು ಶ್ವಾಸಕೋಶದ ಚಿತ್ರ ತೋರಿಸುತ್ತಿದ್ದಳು. ಹೆಂಡತಿ ಅಂಗಿಯ ಮೇಲಿನ ಸುಟ್ಟ ತೂತು ತೋರಿಸಿ ಬಯ್ಯುತ್ತಿದ್ದಳು. ತಾಯಿ ಕಾಶಿಬಾಯಿ ಏನೂ ಅನ್ನುತ್ತಿರಲಿಲ್ಲ. ಬೆಳಿಗ್ಗೆ ಅವನು ಕೆಮ್ಮಲು ಶುರು ಮಾಡಿದರೆ ಒಂದು ತಂಬಿಗೆ ಬಿಸಿನೀರು ತಂದು ಪಕ್ಕದಲ್ಲಿಟ್ಟು ಹೋಗುತ್ತಿದ್ದಳು.

ತೊಂಬತ್ತೊಂದನೇ ಇಸವಿಯ ಆಷಾಢದಲ್ಲಿ ದಿಗಂಬರ ಮುನಿ ಮಹಾರಾಜರೊಬ್ಬರು ಚಾತುರ್ಮಾಸಕ್ಕೆ ಐನಾಪುರದಲ್ಲಿ ನಿಂತರು. ದೀಪಾವಳಿಯವರೆಗೆ ಅವರು ಊರು ಬಿಟ್ಟು ಹೋಗುವುದಿಲ್ಲ. ಮಹಾರಾಜರದು ದಿನಕ್ಕೆ ಒಂದೇ ಊಟ, ಅದೂ ನಿಂತುಕೊಂಡು, ತಮ್ಮ ಅಂಗೈಯಲ್ಲಿ. ಅವರಿಗೆ ಆಹಾರ ಕೊಡಬೇಕೆನ್ನುವ ಮನೆಯವರು ಮಡಿಯಲ್ಲಿ ಅಡುಗೆ ಮಾಡಿ ಬಾಗಿಲಲ್ಲಿ ಕಲಶ ಹಿಡಿದು ನಿಂತು ಅವರನ್ನು ಕರೆಯಬೇಕು. ಇದಕ್ಕೆ ಚೌಕ ಹಚ್ಚುವುದು ಎನ್ನುತ್ತಾರೆ. ಕರೆಯುವಾಗ ಹೇಳುವ ಮಾತು ನಿಗದಿಯಾದದ್ದೇ: ಮನಶುದ್ಧಿ, ವಚನಶುದ್ಧಿ, ಕಾಯಶುದ್ಧಿ, ಆಹಾರಜಲಶುದ್ಧಿ. ನನ್ನ ಮನಸ್ಸು, ಮಾತು, ಮೈ ಎಲ್ಲ ಶುದ್ಧವಾಗಿವೆ, ಅನ್ನ ನೀರು ಶುದ್ಧವಾಗಿವೆ, ಒಳಗೆ ಬನ್ನಿ ಎಂದು. ಸಿಗರೇಟು ಸೇದುವವನು ಈ ಮಾತು ಹೇಳುವಂತಿಲ್ಲ.

ಕಾಶಿಬಾಯಿ ಮಗನನ್ನು ಹಿಡಿದು ಕೂಡಿಸಿದ್ದು ಆಗ.

"ನೀವಿಬ್ಬರೂ ಅತ್ತಿ-ಸೊಸಿ ಕೊಡ್ರಿ ಅವ್ವಾ. ನಾ ದೂರ ನಿಂತ ಕೈ ಮುಗೀತೇನಿ," ಎಂದ ಧರಣೇಂದ್ರ.

"ಈ ಮನಿ ಗಂಡಮಗಾ ಬಾಗಲದಾಗ ನಿಂದರ್ಲಿಲ್ಲ ಅಂದ್ರ ಮಂದಿ ಏನಂತಾರ?"

"ಸಿಗರೇಟ ಸೇದ್ತಾನ ಅಂತಾರ. ಅದು ಊರಿಗೇ ಗೊತ್ತೈತಿ."

"ಮಂದೀದ ಬಿಡು. ಇದು ನನ್ನ ಆಶಾ. ನಿಮ್ಮಪ್ಪ ಇದ್ದಾಗ ಒಬ್ಬ ಮಹಾರಾಜರೂ ಈ ಊರಾಗ ಚಾತುರ್ಮಾಸಕ ನಿಂದರ್ಲಿಲ್ಲ. ನಂಗ ಎಪ್ಪತ್ತೆರಡ ಆದೂವು. ನೀ ಬಾಗಲದಾಗ ನಿಂತ ಆ ಮಾತ ಹೇಳಬೇಕು, ನಾ ಬಾಜೂಕ ನಿಂತ ಕೇಳಬೇಕು. ಇಷ್ಟ ನಾ ಬೇಡೂದು."

"ಜನ್ಮಪೂರ್ತಿ ಬಿಡ್ತೇನಿ ಅಂತ ಆಣಿ ಮಾಡಿ ಆಮ್ಯಾಲ ಮುರ್ಯಾಕ ನಾ ತಯಾರಿಲ್ಲವ್ವಾ. ಅದರಕಿಂತ ಆಣಿ ಮಾಡದನ ಇರೂದು ಚಲೋ."

"ಜನ್ಮಪೂರ್ತಿ ಬ್ಯಾಡ. ದೀಪಾವಳಿತನಾ ಅನ್ನು. ಚಾತುರ್ಮಾಸ ಇರೂತನಾ. ಆಮ್ಯಾಲ ನಿನ್ನ ಮರ್ಜಿ."

ತ್ರಿಶಲಾ ಓದುತ್ತಿದ್ದಲ್ಲಿಂದಲೇ ನಕ್ಕಳು. "ಆಯಿ, ಇದೇನ ಬಾಡಗಿ ಮನೀನ? ಮೂರೂವರಿ ತಿಂಗಳಕ್ಕ ಕರಾರು?"

"ನೀ ಸುಮ್ಮನ ಓದ. ಮುರಿಯೂ ಆಣಿ ಮಾಡಸೂದಕ್ಕಿಂತ ನಡಿಯೂ ಆಣಿ ಮಾಡಸಬೇಕ," ಎಂದಳು ಕಾಶಿಬಾಯಿ. ಚೌಕಾಶಿಯಲ್ಲಿ ತಾನು ಗೆದ್ದೆನೆಂದು ಅವಳಿಗೆ ಅನ್ನಿಸಿತ್ತು. ಧರಣೇಂದ್ರನಿಗೂ ತಾನೇ ಗೆದ್ದೆ ಅನ್ನಿಸಿತ್ತು. ಮರುದಿನ ಅವನು ಬಸದಿಗೆ ಹೋಗಿ ಮಹಾರಾಜರ ಮುಂದೆ ದೀಪಾವಳಿಯವರೆಗೆ ಸಿಗರೇಟು ಮುಟ್ಟುವುದಿಲ್ಲವೆಂದು ನೇಮ ಹಿಡಿದು ಬಂದ.

ಮೊದಲ ವಾರ ಮನೆಯಲ್ಲಿ ಯಾರಿಗೂ ಸುಖವಿರಲಿಲ್ಲ. ಬೆಳಿಗ್ಗೆ ಸಿಗರೇಟಿಲ್ಲದೆ ಅವನ ಹೊಟ್ಟೆ ಸಾಫಾಗುತ್ತಿರಲಿಲ್ಲ. ಕಪ್ಪಿನ ಮೇಲೆ ಕಪ್ಪು ಚಹಾ ಕುಡಿದು, ಪಾಯಖಾನೆಗೂ ಪಡಸಾಲೆಗೂ ಹತ್ತು ಸಲ ಓಡಾಡಿ, ಕೊನೆಗೆ ಹೆಂಡತಿಯ ಮೇಲೆ ಹರಿಹಾಯುತ್ತಿದ್ದ. ಒಂದು ದಿನ ಮಡಕಿಕಾಳಿನ ಪಲ್ಯಕ್ಕೆ ಉಪ್ಪು ಹೆಚ್ಚಾಯಿತೆಂದು ತಾಟು ನೂಕಿದ. ರೊಟ್ಟಿ ಹೋಗಿ ತ್ರಿಶಲಾಳ ಪುಸ್ತಕದ ಮೇಲೆ ಬಿತ್ತು.

"ಉಪ್ಪ ಸರಿ ಐತಪ್ಪಾ," ಎಂದಳು ಅವಳು ರೊಟ್ಟಿ ಎತ್ತಿ ಒರೆಸುತ್ತ. "ನಿನ್ನ ನಾಲಗಿಗೆ ಈಗ ರುಚಿ ಗೊತ್ತಾಗಾಕತ್ತೈತಿ. ಇಷ್ಟ ವರ್ಷ ನೀ ಬರೇ ಬೂದಿ ತಿಂದಿ."

"ನಿನ್ನ ಕಾಲೇಜ ಬಿಡಸ್ತೇನಿ ನೋಡ."

"ಬಿಡಸ. ಮನ್ಯಾಗ ಕುಂತ ದಿನಾ ಇದನ್ನ ಹೇಳ್ತೇನಿ."

ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಅವನು ದಿನಕ್ಕೊಂದು ಗೆರೆ ಹೊಡೆಯುತ್ತಿದ್ದ. ಇನ್ನು ಎಂಬತ್ತೆಂಟು, ಎಂಬತ್ತೇಳು ಎಂದು ರೊಟ್ಟಿ ಬಡಿಯುತ್ತಿರುವ ಹೆಂಡತಿಗೆ ಕೇಳಿಸುವಂತೆ ಎಣಿಸುತ್ತಿದ್ದ. ಕಾಶಿಬಾಯಿಗೆ ಆ ಎಣಿಕೆ ಕೇಳಿದರೆ ಹಿಗ್ಗು. ಮಗ ಇಷ್ಟು ದಿನ ದಾಟಿದನಲ್ಲ ಎಂದು ಓಣಿಯಲ್ಲೆಲ್ಲ ಹೇಳಿಕೊಂಡು ಬರುತ್ತಿದ್ದಳು. ಮಗ ಎಣಿಸುತ್ತಿದ್ದುದು ದಾಟಿದ ದಿನಗಳನ್ನಲ್ಲ, ಉಳಿದ ದಿನಗಳನ್ನು ಎಂಬುದು ಅವಳ ಗಮನಕ್ಕೆ ಬರಲಿಲ್ಲ.

ಇನ್ನೊಂದು ಸಂಗತಿ ಯಾರಿಗೂ ಗೊತ್ತಿರಲಿಲ್ಲ. ನೇಮ ಹಿಡಿದ ದಿನವೇ ಅವನು ಹೊಸ ಪ್ಯಾಕೆಟ್ ಒಂದನ್ನು ಒಡೆಯದೆ ಹೊಲದ ಪಂಪ್ ಮನೆಯಲ್ಲಿ, ಗೋಡೆಯ ಗೂಡಿನೊಳಗೆ, ಗ್ರೀಸ್ ಡಬ್ಬಿಯ ಹಿಂದೆ ಇಟ್ಟಿದ್ದ. ದೀಪಾವಳಿ ದಿನ ಬೆಳಿಗ್ಗೆ ಒಡೆಯುವುದೆಂದು ಇಟ್ಟದ್ದು. ಅದು ಅಲ್ಲಿದೆ ಎಂಬ ಧೈರ್ಯದ ಮೇಲೆಯೇ ತಾನು ದಿನ ದೂಡುತ್ತಿದ್ದೇನೆ ಎಂದು ಅವನು ನಂಬಿದ್ದ.

ನಲವತ್ತನೇ ದಿನದ ಮಾತು. ಕಬ್ಬಿಗೆ ನೀರು ಹಾಯಿಸಲು ಹೋಗಿದ್ದ. ಎರಡಕ್ಕೆ ಬರಬೇಕಾದ ಕರೆಂಟು ಮೂರಕ್ಕೆ ಬಂತು, ಐದು ನಿಮಿಷ ಇದ್ದು ಹೋಯಿತು. ಮತ್ತೆ ಬರುತ್ತದೆಂದು ಪಂಪ್ ಮನೆಯ ಹೊಸ್ತಿಲ ಮೇಲೆ ಕೂತ. ಹದಿನೈದು ವರ್ಷದಿಂದ ಆ ಹೊಸ್ತಿಲ ಮೇಲೆ ಕೂತು ಕರೆಂಟು ಕಾಯುವುದೆಂದರೆ ಕೈಯಲ್ಲಿ ಸಿಗರೇಟು ಇರುವುದೆಂದೇ ಅರ್ಥ. ಪ್ಯಾಕೆಟ್ ಇದೆಯೋ ಇಲಿ ಕಡಿದಿದೆಯೋ ನೋಡೋಣವೆಂದು ಎದ್ದ. ಇಲಿ ಕಡಿದಿರಲಿಲ್ಲ. ತೇವ ಹಿಡಿದಿದೆಯೋ ನೋಡೋಣವೆಂದು ಒಡೆದ. ತೇವವೂ ಹಿಡಿದಿರಲಿಲ್ಲ. ಒಂದಾದ ಮೇಲೆ ಒಂದು, ಎರಡು ಸೇದಿದ ಮೇಲೆ ಕರೆಂಟು ಬಂತು. ಬಾಯಿ ತೊಳೆದು, ಪೇರಲ ಎಲೆ ಅಗಿದು, ಮೋಟು ಮಣ್ಣಲ್ಲಿ ಹೂತು ಮನೆಗೆ ಬಂದ.

ಮರುದಿನ ಅವರ ಮನೆಯಲ್ಲಿ ಚೌಕ ಎಂದು ಎಂಟು ದಿನ ಮೊದಲೇ ಗೊತ್ತಾಗಿತ್ತು.

ಲಕ್ಷ್ಮಿಬಾಯಿ ಬೆಳಗಿನ ಜಾವವೇ ಎದ್ದು ಒದ್ದೆ ಸೀರೆಯಲ್ಲಿ ಬಾವಿಯಿಂದ ಇಪ್ಪತ್ತು ಕೊಡ ನೀರು ಸೇದಿದಳು. ಎರಡು ಮಡಿಕೆ ಬಟ್ಟೆಯಲ್ಲಿ ಸೋಸಿದಳು. ಹಿಂದಿನ ದಿನ ಕೈಯಾರೆ ಬೀಸಿಟ್ಟ ಗೋಧಿ ಹಿಟ್ಟು, ಹೆಸರುಬೇಳೆ, ಅಕ್ಕಿ, ಹಾಲು, ತುಪ್ಪ. ಎಲ್ಲವನ್ನೂ ಯಾರಿಗೂ ಮುಟ್ಟಗೊಡದೆ ಮಾಡಿ ಮುಗಿಸುವಾಗ ಒಂಬತ್ತೂವರೆ. ಮೂವರೂ ಬಾಗಿಲಲ್ಲಿ ನಿಂತರು. ನಡುವೆ ಮಡಿಪಂಚೆ ಉಟ್ಟ ಧರಣೇಂದ್ರ, ಕೈಯಲ್ಲಿ ಕಲಶ. ಎಡಕ್ಕೆ ಹೆಂಡತಿ, ಬಲಕ್ಕೆ ತಾಯಿ. ಓಣಿಯಲ್ಲಿ ಇನ್ನೂ ಎರಡು ಮನೆಯವರು ಚೌಕ ಹಚ್ಚಿದ್ದರು.

ಮಹಾರಾಜರು ಬಸದಿಯಿಂದ ಹೊರಡುವಾಗ ಮನಸ್ಸಿನಲ್ಲೇ ಒಂದು ಗುರುತು ಇಟ್ಟುಕೊಂಡಿರುತ್ತಾರೆ. ಬಾಗಿಲಲ್ಲಿ ಇಂಥ ಹಣ್ಣು ಕಂಡರೆ, ಇಷ್ಟು ಜನ ನಿಂತಿದ್ದರೆ ಎಂದು. ಅದು ಕೂಡಿಬಂದ ಮನೆಯಲ್ಲಿ ಮಾತ್ರ ನಿಲ್ಲುತ್ತಾರೆ. ಗುರುತು ಏನೆಂದು ಯಾರಿಗೂ ಗೊತ್ತಿರುವುದಿಲ್ಲ.

ಅವರು ಹತ್ತಿರ ಬಂದರು. ನಡಿಗೆ ನಿಧಾನವಾಯಿತು.

"ನಮೋಸ್ತು, ನಮೋಸ್ತು, ನಮೋಸ್ತು," ಎಂದ ಧರಣೇಂದ್ರ. "ಮನಶುದ್ಧಿ..."

ಅಷ್ಟಕ್ಕೆ ನಿಂತ. ಅವನು ಹೇಳಿದ್ದನ್ನು ಅನುಸರಿಸಿ ಹೇಳಬೇಕಾಗಿದ್ದ ಹೆಂಗಸರೂ ನಿಂತರು. ಮಹಾರಾಜರು ಒಂದು ಕ್ಷಣ ನೋಡಿದರು, ಮುಂದೆ ನಡೆದರು. ಮೂರನೇ ಮನೆಯಾದ ಅಪ್ಪಾಸಾಬನ ಬಾಗಿಲಲ್ಲಿ ಅವರ ಗುರುತು ಕೂಡಿಬಂತು.

ಓಣಿಯವರು ಬಂದು ಸಮಾಧಾನ ಹೇಳಿದರು. ಗುರುತು ಕೂಡಲಿಲ್ಲ, ಯಾರದೇನು ತಪ್ಪು ಎಂದರು. ಕಾಶಿಬಾಯಿ ತಲೆಯಾಡಿಸಿ ಎಲ್ಲರನ್ನೂ ಕಳಿಸಿದಳು. ಬಾಗಿಲು ಮುಂದೆ ಮಾಡಿದ ಮೇಲೆ ಮಗನ ಕಡೆ ತಿರುಗಿದಳು.

"ಯಾಕ ಸುಮ್ಮನಾದಿ?"

"ನಿನ್ನೆ ಎರಡ ಸೇದೇನವ್ವಾ. ಹೊಲದಾಗ."

ಕಾಶಿಬಾಯಿಗೆ ಸಿಟ್ಟು, ಅಳು ಎರಡೂ ಒಟ್ಟಿಗೆ ಬಂದವು. "ಅಂದ ಬಿಡಬೇಕಾಗಿತ್ತು! ಎರಡ ಮಾತು. ಯಾರಿಗಿ ತಿಳೀತಿತ್ತು? ನಿಂತಿದ್ರು ಅವರು, ನಮ್ಮ ಬಾಗಲದಾಗ ನಿಂತಿದ್ರು!"

"ಬ್ಯಾಡ್ರಿ ಅತ್ತಿ," ಎಂದಳು ಲಕ್ಷ್ಮಿಬಾಯಿ. ಅವಳ ಸೀರೆ ಇನ್ನೂ ಒದ್ದೆಯಿತ್ತು. "ಸುಳ್ಳ ಹೇಳಿ ನನ್ನ ಅಡಗಿ ಅವರ ಕೈಯಾಗ ಹಾಕಿದ್ರ ನಾ ಈ ಮನ್ಯಾಗ ಇರ್ತಿರಲಿಲ್ಲ. ಸುಮ್ಮನಾದ್ರಲ್ಲ, ಅದೊಂದ ಚಲೋ ಮಾಡ್ಯಾರ." ಗಂಡನ ಕಡೆ ತಿರುಗಿದಳು. "ಆದ್ರ ಕೇಳ್ರಿ. ನೇಮ ನಿಮ್ಮದು, ಆಶಾ ಅತ್ತೀದು, ಇಪ್ಪತ್ತ ಕೊಡ ನೀರ ಸೇದಿದಾಕಿ ನಾ. ಇನ್ನ ಆ ನಾಕೂ ಮಾತು ನಿಮ್ಮ ಬಾಯಾಗ ನೆಟ್ಟಗ ಬರ್ತಾವು ಅಂತ ನೀವ ಆಗಿ ಬಂದ ಹೇಳೂತನಾ ನಾ ಚೌಕ ಹಚ್ಚೂದಿಲ್ಲ."

ಕಾಶಿಬಾಯಿ ಸೆರಗಿನಿಂದ ಮುಖ ಒರೆಸಿಕೊಂಡಳು. "ತಪ್ಪ ಮಾತಾಡಿದೆ," ಎಂದಳು ಯಾರನ್ನೂ ನೋಡದೆ. ಆ ಅಡುಗೆಯನ್ನು ನಾಲ್ವರೂ ಕೂತು ಉಂಡರು.

ಮಧ್ಯಾಹ್ನ ಧರಣೇಂದ್ರ ಬಸದಿಗೆ ಹೋಗಿ ನೇಮ ಮುರಿದದ್ದನ್ನು ಹೇಳಿಕೊಂಡ. ಮಹಾರಾಜರು ಮರುದಿನ ಉಪವಾಸ ಇರಲು ಹೇಳಿದರು. ಆಮೇಲೆ, ಸಿಗರೇಟು ಎಲ್ಲಿಂದ ಬಂತು ಎಂದು ಕೇಳಿದರು.

"ಇಟ್ಟಿದ್ದೆರಿ. ದೀಪಾವಳಿಗೆ ಅಂತ."

"ಹಂಗಾದ್ರ ನೀ ಬಿಟ್ಟಿರಲಿಲ್ಲ. ಮುಂದ ಹಾಕಿದ್ದಿ," ಎಂದರು ಮಹಾರಾಜರು. ಅಷ್ಟೇ ಅಂದದ್ದು.

ಅವನು ಅಲ್ಲಿಂದ ಸೀದಾ ಹೊಲಕ್ಕೆ ಹೋದ. ಗೂಡಿನಲ್ಲಿದ್ದ ಉಳಿದ ಎಂಟು ಸಿಗರೇಟು ತಂದು ಬಚ್ಚಲ ಒಲೆಗೆ ಹಾಕಿದ. ಬೆಂಕಿಪೊಟ್ಟಣವನ್ನು ಹೆಂಡತಿಯ ಕೈಗೆ ಕೊಟ್ಟ. ಕ್ಯಾಲೆಂಡರಿನಲ್ಲಿ ಗೆರೆ ಹೊಡೆಯುವುದನ್ನೂ ಅಂದೇ ನಿಲ್ಲಿಸಿದ.

ಆ ಸಂಜೆ ಬೆಳಕಿರುವಾಗಲೇ ಉಂಡು ಕೂತಿದ್ದಾಗ ತ್ರಿಶಲಾ ಕೇಳಿದಳು. "ಅಪ್ಪಾ, ನೀ ಯಾವ್ಯಾವಾಗ ಸೇದತಿದ್ದಿ? ಎಲ್ಲಾ ಹೇಳ."

"ಎದ್ದ ಕೂಡ್ಲೆ. ಚಹಾದ ಮ್ಯಾಲ. ಬಸ್ ಸ್ಟ್ಯಾಂಡಿಗಿ ಹೋದ್ರ ಮುರಗೆಪ್ಪನ ಅಂಗಡ್ಯಾಗ. ಕರೆಂಟ ಕಾಯುವಾಗ. ಉಂಡ ಮ್ಯಾಲ. ಯಾರ ಮ್ಯಾಲರೆ ಸಿಟ್ಟ ಬಂದಾಗ."

"ಅಂದ್ರ ನನ್ನ ಮ್ಯಾಲ," ಎಂದಳು ಲಕ್ಷ್ಮಿಬಾಯಿ.

"ನಿನ್ನ ಮ್ಯಾಲ. ಆಮ್ಯಾಲ ಸಂಜೀ ಮುಂದ ಕಟ್ಟೀ ಮ್ಯಾಲ ಕುಂತಾಗ."

"ಹಂಗಾರ ಸಿಗರೇಟ ಒಂದ ಬಿಟ್ರ ಆಗೂದಿಲ್ಲಪ್ಪಾ. ಆ ಜಾಗಾ ಎಲ್ಲಾ ಹಂಗ ಖಾಲಿ ಉಳೀತಾವಲ್ಲ. ಅಲ್ಲಿ ಏನರೆ ಬ್ಯಾರೆ ಇಡಬೇಕ."

ಹುಡುಗಿ ಓದಿದ್ದರಿಂದ ಹೇಳಿದಳೋ ಸುಮ್ಮನೆ ಹೇಳಿದಳೋ, ಮಾತು ಧರಣೇಂದ್ರನಿಗೆ ಹಿಡಿಸಿತು. ಮರುದಿನದಿಂದ ಮನೆಯಲ್ಲಿ ಚಹಾ ನಿಂತಿತು. ಚಹಾ ಕುಡಿದರೆ ಸಿಗರೇಟು ಬೇಕೇ ಬೇಕು ಅನ್ನಿಸುತ್ತಿತ್ತು. ಬೆಳಿಗ್ಗೆ ಬಿಸಿನೀರು ಕುಡಿದು ಹೊಲದವರೆಗೆ ನಡೆಯಲು ಹಿಡಿದ, ನಾಲ್ಕು ದಿನದಲ್ಲಿ ಹೊಟ್ಟೆ ತಾನಾಗಿ ದಾರಿಗೆ ಬಂತು. ಕರೆಂಟು ಇಲ್ಲದಾಗ ಪಂಪ್ ಮನೆಯ ಹೊಸ್ತಿಲ ಮೇಲೆ ಕೂರುವುದನ್ನು ಬಿಟ್ಟು ದ್ರಾಕ್ಷಿ ಪಡದಲ್ಲಿ ಕಳೆ ಕೀಳತೊಡಗಿದ. ಹಗಲು ಜೇಬಿನಲ್ಲಿ ಲವಂಗ, ಹುರಿದ ಬಡೇಸೋಪು ಇರುತ್ತಿದ್ದವು.

ಬಸ್ ಸ್ಟ್ಯಾಂಡಿನ ಚಹಾದಂಗಡಿಯ ಮುರಗೆಪ್ಪನಿಗೆ ಅವನೇ ಹೋಗಿ ಹೇಳಿದ. "ಇವತ್ತಿನಿಂದ ನಂಗ ಸಿಗರೇಟ ಕೊಡಬ್ಯಾಡ. ಬೇಡಿಕೊಂಡ್ರೂ ಕೊಡಬ್ಯಾಡ, ಬಯ್ದ್ರೂ ಕೊಡಬ್ಯಾಡ."

"ಎಂಥಾ ಗಿರಾಕಿ ಹೋತಲ್ಲರಿ ಸಾವಕಾರ್ರ," ಎಂದ ಮುರಗೆಪ್ಪ.

ಹತ್ತೇ ದಿನಕ್ಕೆ ಧರಣೇಂದ್ರ ಕಬ್ಬು ಕಡಿಯುವ ತೋಡಣಿಯ ಪಾಳಿ ವಿಷಯಕ್ಕೆ ಯಾರೊಂದಿಗೋ ಜಗಳಾಡಿ, ಬುಸುಗುಡುತ್ತ ಅಂಗಡಿಗೆ ಬಂದ. ಒಂದೇ ಒಂದು ಕೊಡು ಎಂದ. ಮುರಗೆಪ್ಪ ಕೊಡಲಿಲ್ಲ. ಬಾಯಿಗೆ ಬಂದಂತೆ ಬಯ್ದ. ಮುರಗೆಪ್ಪ ಒಂದು ಗ್ಲಾಸು ನೀರು ಮುಂದಿಟ್ಟು, "ಮದಲ ಇದನ್ನ ಕುಡೀರಿ, ಆಮ್ಯಾಲ ಉಳಿದದ್ದ ಬೈರಿ," ಎಂದ. ನೀರು ಕುಡಿದು ಮುಗಿಸುವಷ್ಟರಲ್ಲಿ ಬಯ್ಯುವುದು ಏನೂ ಉಳಿದಿರಲಿಲ್ಲ.

ಎಲ್ಲಕ್ಕಿಂತ ಕಷ್ಟವಾದದ್ದು ಸಂಜೆ. ಹೊತ್ತು ಮುಳುಗಿದ ಮೇಲೆ ಲವಂಗವನ್ನೂ ಬಾಯಿಗೆ ಹಾಕುವಂತಿಲ್ಲ, ನೀರನ್ನೂ ಕುಡಿಯುವಂತಿಲ್ಲ. ಇಷ್ಟು ವರ್ಷ ಹೊಗೆ ಊಟವಲ್ಲ ಎಂದು ಮೆರೆದವನಿಗೆ ಈಗ ಆ ನೇಮವೇ ಕುತ್ತಿಗೆಗೆ ಬಂತು. ಕಟ್ಟೆಯ ಮೇಲೆ ಕೂತರೆ ಕೈ ತಾನೇ ಜೇಬಿಗೆ ಹೋಗುತ್ತಿತ್ತು. ಮೂರನೇ ಸಂಜೆ ಅವನು ಪಡಸಾಲೆಯಲ್ಲಿ ಗೋಡೆಯಿಂದ ಗೋಡೆಗೆ ತಿರುಗುವುದನ್ನು ನೋಡಲಾರದೆ ಲಕ್ಷ್ಮಿಬಾಯಿ ಒಂದು ಚೀಲ ಶೇಂಗಾ ತಂದು ಅವನ ಮುಂದೆ ಸುರುವಿದಳು.

"ಸುಲೀರಿ."

"ನಾನೇನ ಹೆಂಗಸ?"

"ಹೆಂಗಸರ ಸಿಗರೇಟ ಸೇದೂದಿಲ್ಲರಿ. ಸುಲೀರಿ."

ಸುಲಿದ. ಮೊದಲ ದಿನ ಉಗುರು ಸಂದಿಯಲ್ಲಿ ರಕ್ತ ಬಂತು. ಆದರೆ ಒಂದು ಸಂಗತಿ ಗೊತ್ತಾಯಿತು. ಆಸೆ ತಲೆಯೆತ್ತಿದಾಗ ಎರಡು ಬೊಗಸೆ ಸುಲಿಯುವಷ್ಟರಲ್ಲಿ ಅದು ಇಳಿದುಬಿಡುತ್ತಿತ್ತು. ಇನ್ನು ತಡೆಯಲಾರೆ ಅನ್ನಿಸಿದ್ದು ಹತ್ತು ನಿಮಿಷಕ್ಕಿಂತ ಹೆಚ್ಚು ನಿಲ್ಲುತ್ತಿರಲಿಲ್ಲ. ಆಮೇಲೆ ತಾಯಿಯೂ ಜೊತೆಗೆ ಕೂತಳು, ಮಗಳು ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಕೂತಳು. ಮನೆಯ ಶೇಂಗಾ ಮುಗಿಯಿತು. ಅಕ್ಕಪಕ್ಕದವರು ಚೀಲ ತಂದು ಇಳಿಸತೊಡಗಿದರು. ಧರಣೇಂದ್ರ ಸಾವಕಾರರು ಪುಕ್ಕಟೆ ಸುಲಿದುಕೊಡುತ್ತಾರೆ ಎಂದು ಓಣಿಯಲ್ಲಿ ನಗೆಯಾಯಿತು. ಮನೆಯಲ್ಲೂ ನಕ್ಕರು. ಎಷ್ಟೋ ವರ್ಷದ ಮೇಲೆ ನಾಲ್ವರೂ ಸಂಜೆ ಒಂದೇ ಕಡೆ ಕೂತಿದ್ದರು.

ಹೀಗೆ ಕೂತಿದ್ದಾಗ ಒಂದು ದಿನ ಕಾಶಿಬಾಯಿ, "ನಂದೂ ತಪ್ಪೈತಿ," ಎಂದಳು. "ದೀಪಾವಳಿತನಾ ಅಂತ ಹೇಳಿಕೊಟ್ಟಾಕಿ ನಾನ. ಮಗಾ ಸೋಲ್ತಾನ ಅಂತ ಮದಲ ನಾ ಅಂದಕೊಂಡೆ."

"ಸೋತೆನಲ್ಲವ್ವಾ. ನೀ ಅಂದಕೊಂಡದ್ದೇನ ತಪ್ಪಲ್ಲ."

ದಸರೆ ಕಳೆಯಿತು. ಅವನ ಬೆಳಗಿನ ಕೆಮ್ಮು ನಿಂತಿತ್ತು. ಅಂಗಿಯ ಗುಂಡಿ ಹೊಟ್ಟೆಯ ಮೇಲೆ ಬಿಗಿಯಾಗತೊಡಗಿತ್ತು. ಕಾಶಿಬಾಯಿಗೆ ತಡೆಯಲಾಗಲಿಲ್ಲ.

"ಇನ್ನರೆ ಚೌಕ ಹಚ್ಚೋಣೇನು? ಹದಿನೈದ ದಿನದಾಗ ಚಾತುರ್ಮಾಸ ಮುಗೀತೈತಿ."

ಧರಣೇಂದ್ರ ಸುಲಿಯುವುದನ್ನು ನಿಲ್ಲಿಸಿದ. "ಮೈ ಶುದ್ಧ ಆಗೇತವ್ವಾ. ಮನಸ್ಸ ಇನ್ನೂ ಆಗಿಲ್ಲ. ಮೊನ್ನೆ ಅಥಣಿ ಬಸ್ಸಿನ್ಯಾಗ ಒಬ್ಬಾಂವ ಸೇದಾಕತ್ತಿದ್ದ. ನಾ ಎದ್ದ ಹೋಗಿ ಅವನ ಹಿಂದಿನ ಸೀಟಿನ್ಯಾಗ ಕುಂತೆ. ಹೊಗಿ ಬರ್ಲಿ ಅಂತ. ಇಂಥಾ ಮನಸ್ಸ ಇಟಗೊಂಡ ಮನಶುದ್ಧಿ ಅಂತ ಹೆಂಗ ಅನ್ಲಿ?"

ಲಕ್ಷ್ಮಿಬಾಯಿ ನಕ್ಕಳು, ತ್ರಿಶಲಾ ನಕ್ಕಳು. ಕಾಶಿಬಾಯಿ ನಗಲಿಲ್ಲ. ದಿನಗಳು ತೀರುತ್ತಿದ್ದವು. ದೀಪಾವಳಿ ಬಂದರೆ ಮಗನ ನೇಮ ಮುಗಿಯುತ್ತದೆ, ಮಹಾರಾಜರು ಹೊರಡುತ್ತಾರೆ. ಆಮೇಲೆ ಅವನನ್ನು ಹಿಡಿಯಲು ಏನು ಉಳಿಯುತ್ತದೆ ಎಂಬ ಹೆದರಿಕೆ ಅವಳನ್ನು ತಿನ್ನುತ್ತಿತ್ತು. ಆಸೆ ಈಡೇರದೆ ಹೋಯಿತು ಎಂದು ಅವಳು ಒಳಗೊಳಗೇ ತೀರ್ಮಾನಿಸಿಬಿಟ್ಟಿದ್ದಳು.

ದೀಪಾವಳಿ ಅಮಾವಾಸ್ಯೆಯ ಬೆಳಿಗ್ಗೆ ಬಸದಿಯಲ್ಲಿ ಲಾಡು ಅರ್ಪಿಸಿ ಎಲ್ಲರೂ ಮನೆಗೆ ಬಂದರು. ಧರಣೇಂದ್ರ ಬಸ್ ಸ್ಟ್ಯಾಂಡಿಗೆ ಹೋಗಿ ಬರುತ್ತೇನೆ ಎಂದು ಚಪ್ಪಲಿ ಮೆಟ್ಟಿದ. ಮೂವರೂ ಕೆಲಸ ನಿಲ್ಲಿಸಿ ಅವನನ್ನೇ ನೋಡಿದರು. ಅವನು ಹೋದ ಮೇಲೆ ಕಾಶಿಬಾಯಿ ಬಾಗಿಲಲ್ಲೇ ಕೂತಳು. ಕರೆದರೂ ಒಳಗೆ ಬರಲಿಲ್ಲ.

ಅಂಗಡಿಯಲ್ಲಿ ಮುರಗೆಪ್ಪ ಹಬ್ಬದ ಉಮೇದಿನಲ್ಲಿದ್ದ. "ಬರ್ರಿ ಸಾವಕಾರ್ರ. ಇವತ್ತಿಗಿ ನಿಮ್ಮ ನೇಮಾ ಮುಗೀತಂತಲ್ಲ. ನನ್ನ ಮ್ಯಾಲಿನ ಬಂದೀನೂ ಮುಗೀತು. ತಗೋರಿ, ಹಬ್ಬದ್ದು, ನಂದ ಖುಷಿ," ಎಂದು ಪ್ಯಾಕೆಟ್ ಮುಂದೆ ಚಾಚಿದ.

ಧರಣೇಂದ್ರ ಪ್ಯಾಕೆಟ್ ನೋಡಿದ. ನೇಮ ಮುಗಿಯುವ ದಿನ ಇದೇ ಎಂದು ಬೆಳಗಿನಿಂದ ಅವನಿಗೆ ನೆನಪೇ ಆಗಿರಲಿಲ್ಲ. ಮಗಳು ಪಟಾಕಿ ಸುಡುವುದಿಲ್ಲ, ಅವಳಿಗೆ ಹಬ್ಬಕ್ಕೆ ಏನಾದರೂ ಒಯ್ಯಬೇಕು ಎಂದಷ್ಟೇ ತಲೆಯಲ್ಲಿತ್ತು.

"ಬ್ಯಾಡ ಮುರಗೆಪ್ಪಾ," ಎಂದ. "ಚುರಮರಿ ಕಟ್ಟ. ಖಾರದಾಗ ಉಳ್ಳಾಗಡ್ಡಿ ಹಾಕಬ್ಯಾಡ."

ಚುರಮರಿ ಪೊಟ್ಟಣ ಹಿಡಿದು ಮನೆಗೆ ಬಂದಾಗ ತಾಯಿ ಇನ್ನೂ ಬಾಗಿಲಲ್ಲೇ ಇದ್ದಳು. ಅವನು ಹತ್ತಿರ ಬಂದೊಡನೆ ಎದ್ದು ಅಂಗಿ ಮೂಸಿ ನೋಡಿದಳು. ಎಪ್ಪತ್ತೆರಡರ ಮುದುಕಿ, ನಲವತ್ನಾಲ್ಕರ ಮಗನ ಅಂಗಿಯನ್ನು ಎರಡೂ ಕೈಯಲ್ಲಿ ಹಿಡಿದು ಮೂಸಿದಳು. ಆಮೇಲೆ ಒಳಗೆ ಹೋಗಿ ಮಲಗಿಬಿಟ್ಟಳು.

ಎರಡು ದಿನದ ಮೇಲೆ ಮಹಾರಾಜರು ಕಾಗವಾಡದ ಕಡೆ ಹೊರಟರು. ಊರ ಜನರೆಲ್ಲ ಸೀಮೆಯವರೆಗೆ ಕಳಿಸಿಬಂದರು. ಆ ಸಂಜೆ ಶೇಂಗಾ ಸುಲಿಯುತ್ತಿದ್ದ ಧರಣೇಂದ್ರ ತಲೆಯೆತ್ತದೆ ಹೆಂಡತಿಗೆ ಹೇಳಿದ.

"ನಾಡಿದ್ದ ಕಾಗವಾಡದಾಗ ಅವ್ವನ ತವರಮನ್ಯಾಗ ಚೌಕ ಹಚ್ಚೋಣು. ಬಾವಿ ಐತಿ ಅಲ್ಲಿ. ನೀರ ನಾ ಸೇದಿಕೊಡ್ತೇನಿ."

ಲಕ್ಷ್ಮಿಬಾಯಿ ಅವನನ್ನೇ ನೋಡಿದಳು. "ನೇಮ ಮುಗದೈತಲ್ಲರಿ."

"ಮುಗದೈತಿ. ಅದಕ್ಕ ಈಗ ಆ ನಾಕೂ ಮಾತ ಅನ್ನಾಕ ಬರ್ತೈತಿ."

ಹಿಟ್ಟು, ಬೇಳೆ, ಪಾತ್ರೆ, ಸೌದೆ ಎಲ್ಲ ಕಟ್ಟಿಕೊಂಡು ಮರುದಿನ ನಾಲ್ವರೂ ಕಾಗವಾಡಕ್ಕೆ ಹೋದರು. ಅದರ ಮರುದಿನ ನಸುಕಿನಲ್ಲಿ ಧರಣೇಂದ್ರ ಒದ್ದೆ ಪಂಚೆಯಲ್ಲಿ ಇಪ್ಪತ್ತು ಕೊಡ ನೀರು ಸೇದಿದ. ಹನ್ನೆರಡನೇ ಕೊಡಕ್ಕೂ ಏದುಸಿರು ಬರಲಿಲ್ಲವೆಂದು ಅವನಿಗೇ ಸೋಜಿಗವಾಯಿತು. ಹೊತ್ತಿಗೆ ಸರಿಯಾಗಿ ಬಾಗಿಲಲ್ಲಿ ನಿಂತರು, ಅಂದಿನ ಹಾಗೆಯೇ. ನಡುವೆ ಅವನು, ಎಡಕ್ಕೆ ಹೆಂಡತಿ, ಬಲಕ್ಕೆ ತಾಯಿ. ತಾಯಿ ಎರಡೂ ಕೈಯಲ್ಲಿ ತೆಂಗಿನಕಾಯಿ ಹಿಡಿದಿದ್ದಳು.

ಮಹಾರಾಜರು ಓಣಿಯ ತಿರುವಿನಲ್ಲಿ ಕಂಡರು. ನಿಧಾನವಾಗಿ ಹತ್ತಿರ ಬಂದರು.

"ನಮೋಸ್ತು, ನಮೋಸ್ತು, ನಮೋಸ್ತು," ಎಂದ ಧರಣೇಂದ್ರ. "ಮನಶುದ್ಧಿ, ವಚನಶುದ್ಧಿ, ಕಾಯಶುದ್ಧಿ, ಆಹಾರಜಲಶುದ್ಧಿ. ಒಳಗ ಬರ್ರಿ ಮಹಾರಾಜ್."

ದನಿ ಎಲ್ಲೂ ತಡವರಿಸಲಿಲ್ಲ. ಓಣಿಯ ಆ ತುದಿಯವರೆಗೆ ಕೇಳಿಸಿತು.

ಮಹಾರಾಜರು ಅವನ ಮುಖ ನೋಡಿದರು, ಬಾಗಿಲಲ್ಲಿದ್ದವರನ್ನು ನೋಡಿದರು, ಮುಂದೆ ನಡೆದರು. ಅವರ ಗುರುತು ಆ ದಿನ ಬೇರೆ ಯಾವುದೋ ಮನೆಯಲ್ಲಿ ಕೂಡಿಬಂತು.

ಧರಣೇಂದ್ರ ಕಲಶ ಹಿಡಿದವನು ಹಾಗೇ ನಿಂತ. ತಾಯಿಯ ಕಡೆ ತಿರುಗುವ ಧೈರ್ಯ ಬರಲಿಲ್ಲ. ಮೂರೂವರೆ ತಿಂಗಳು, ಎರಡು ಸಲ ಚೌಕ, ನಲವತ್ತು ಕೊಡ ನೀರು. ಒಂದು ತುತ್ತು ಕೂಡ ಅವರ ಕೈಗೆ ಬೀಳಲಿಲ್ಲ.

"ಅವ್ವಾ..." ಎಂದ.

ಕಾಶಿಬಾಯಿಯ ಕಣ್ಣು ತುಂಬಿದ್ದವು, ಆದರೆ ಮುಖ ಅಳುತ್ತಿರಲಿಲ್ಲ. ತೆಂಗಿನಕಾಯಿಯನ್ನು ಸೊಸೆಯ ಕೈಗೆ ಕೊಟ್ಟು, ಮಗನ ಕೈಯಿಂದ ಕಲಶ ಇಸಿದುಕೊಂಡಳು.

"ನಾಕೂ ಅಂದಿ," ಎಂದಳು. "ನಾ ಕೇಳಿದೆ. ಅವರು ಎಲ್ಲೇರೆ ಉಣ್ಣಲಿ. ನೀ ಮುಂಜಾನಿಂದ ಹಸದೀಯಿ, ನಡಿ, ತಾಟ ಹಾಕ್ತೇನಿ."